ಲ್ಯಾಪ್‌ಟಾಪೋ ಡೆಸ್ಕ್‌ಟಾಪೋ? ನಮ್ ಕಲಬುರಗಿ ಬಿಸಲು, ಕರೆಂಟು, ಧೂಳು ಲೆಕ್ಕಕ್ಕ ಹಿಡ್ಕೊಂಡು ನೋಡ್ರಿ

ಕಾಲೇಜ್ ಅಡ್ಮಿಷನ್ ಸುರು ಆದ್ವು ಅಂದ್ರ ಸಾಕು, ಇಂಜಿನಿಯರಿಂಗ್ ಸೀಟ್ ಸಿಕ್ಕ ಹುಡುಗ್ರು, ಅವರ ಅಪ್ಪಂದಿರು, ಹೊಸಾದಾಗಿ ಆನ್‌ಲೈನ್ ಸೆಂಟರ್ ಹಾಕೋರು, ಎಲ್ಲಾರೂ ಕೇಳೋದು ಒಂದೇ, ಯಾವ ಕಂಪನೀದು ಛಲೋ ಅದ ಹೇಳ್ರಿ ಅಂತ. ಕಂಪನಿ ಆಮ್ಯಾಗ ನೋಡೋಣಂತ್ರಿ. ಮೊದ್ಲು ಆ ಮಷೀನು ದಿನಾ ಎಲ್ಲಿ ಕುಂಡ್ರತದ, ಅಲ್ಲಿ ಕರೆಂಟ್ ಹೆಂಗದ, ಬ್ಯಾಸಗ್ಯಾಗ ಆ ರೂಮ್ ಎಷ್ಟ್ ಕಾಯ್ತದ, ಕೆಟ್ರ ಯಾರ್ ರಿಪೇರಿ ಮಾಡ್ತಾರ, ಇಷ್ಟು ಹೇಳ್ರಿ ಸಾಕು, ಲ್ಯಾಪ್‌ಟಾಪೋ ಡೆಸ್ಕ್‌ಟಾಪೋ ಅನ್ನೋದು ಅದರಾಗೇ ಮುಕ್ಕಾಲು ತೀರ್ಮಾನ ಆಗಿರ್ತದ. ಬೆಂಗಳೂರಾಗ ಎಸಿ ಆಫೀಸಿನಾಗ ಕುಂತು ರಿವ್ಯೂ ಮಾಡೋರಿಗಿ ನಮ್ ಕಡಿ ಮೇ ತಿಂಗಳ ಮಧ್ಯಾಹ್ನ ಏನ್ ಗೊತ್ತಿರ್ತದ ಹೇಳ್ರಿ.

ಹಂಗಾದ್ರ ಮೊದಲ್ನೇ ಪ್ರಶ್ನಿ. ವಾರಕ್ಕ ಎರಡ್ಮೂರು ಸಲಾನಾರ ಅದು ಮನಿ ಬಿಟ್ಟು ಹೊರಗ ಹೋಗ್ತದೇನು? ಹೌದಂದ್ರ ಲ್ಯಾಪ್‌ಟಾಪ್, ಭಾಳ ತಲಿ ಕೆಡಿಸ್ಕೊಬ್ಯಾಡ್ರಿ. ಕಡಗಂಚಿ ಸೆಂಟ್ರಲ್ ಯೂನಿವರ್ಸಿಟಿ ಹಾಸ್ಟೆಲ್‌ನಾಗ ಇರೋರು, ಯಾದಗಿರಿ ವಾಡಿ ಕಡಿಂದ ಟ್ರೇನಿಗಿ ಕಲಬುರಗಿ ಬಂದು ಓದಿ ಸಂಜಿಗಿ ಹೊಳ್ಳಿ ಹೋಗೋರು, ಬೀದರಿನ ಗುರುನಾನಕ್ ಇಂಜಿನಿಯರಿಂಗ್ ಕಾಲೇಜಿಗೋ ಇಲ್ಲಿ ಪಿಡಿಎಗೋ ರೂಮ್ ಮಾಡ್ಕೊಂಡು ಇರೋರು, ಇವರಿಗೆಲ್ಲ ಡೆಸ್ಕ್‌ಟಾಪ್ ಕೊಡ್ಸಿದ್ರ ಅದು ಊರಾಗ ಅಪ್ಪನ ಮನ್ಯಾಗ ಬಟ್ಟಿ ಹೊಚ್ಕೊಂಡು ಕುಂತಿರ್ತದ ಅಷ್ಟ. ಆದ್ರ ತೂಕ ನೋಡ್ರಿ. ಒಂದೂವರಿ ಕೆಜಿ ಆಸುಪಾಸು ಇದ್ರ ದಿನಾ ಹೊರಬಹುದು, ಗೇಮಿಂಗ್ ಲ್ಯಾಪ್‌ಟಾಪ್ ಎರಡು ಕೆಜಿ ದಾಟ್ತಾವ, ಅದರ ಚಾರ್ಜರೇ ಒಂದು ಇಟ್ಟಂಗಿ ಇದ್ದಂಗ ಇರ್ತದ, ಎರಡನೇ ಸೆಮಿಸ್ಟರಿಗಿ ಹುಡುಗ ಅದನ್ನ ಒಯ್ಯೋದೇ ಬಿಡ್ತಾನ. ಇನ್ನೊಂದು, ಸಿವಿಲ್ ಮೆಕ್ಯಾನಿಕಲ್ ಓದೋರು ಮ್ಯಾಕ್‌ಬುಕ್ ಆಸಿ ಬಿಡ್ರಿ, ಕಾಲೇಜಿನಾಗ ನಡ್ಯೋ ಸಾಲಿಡ್‌ವರ್ಕ್ಸ್‌ನಂಥ ಸಾಫ್ಟ್‌ವೇರು ವಿಂಡೋಸ್ ಬೇಡ್ತಾವ.

ಈಗ ಇಲ್ಲ ಅನ್ನೋರ ಕಡಿ ಬರ್ರಿ. ಇವ್ರೇ ಭಾಳ ಮಂದಿ ಇರೋದು. ಡಿಟಿಪಿ ಅಂಗಡಿ, ಟ್ಯಾಲಿ ಬರಿಯೋರು, ಅಡತಿ ಅಂಗ್ಡಿ ಲೆಕ್ಕ ನೋಡೋರು, ಮದುವಿ ಆಲ್ಬಮ್ ವಿಡಿಯೋ ಎಡಿಟಿಂಗ್ ಮಾಡೋರು, ಮನ್ಯಾಗ ಕುಂತು ಎಫ್‌ಡಿಎ ಎಸ್‌ಡಿಎ ಪಿಡಿಒ ಅಂತ ಆನ್‌ಲೈನ್ ಕ್ಲಾಸ್ ಕೇಳೋರು. ಇವರ್ಯಾರ ಕೆಲ್ಸಾನೂ ಟೇಬಲ್ ಬಿಟ್ಟು ಏಳಲ್ಲ. ಆದ್ರೂ ಲ್ಯಾಪ್‌ಟಾಪೇ ತರ್ತಾರ, "ಬೇಕಾದ್ರ ಎಲ್ಲಿಗಾರ ಒಯ್ಬಹುದಲ್ರಿ" ಅಂತ. ಆ ಎಲ್ಲಿಗಾರ ಅನ್ನೋದು ಬರೋದೇ ಇಲ್ಲ, ಮಷೀನು ವರ್ಷಗಟ್ಟಲೆ ಒಂದೇ ಸಾಕೆಟ್ಟಿಗಿ ಚಾರ್ಜರ್ ಹಚ್ಕೊಂಡು ಬಿದ್ದಿರ್ತದ, ಬ್ಯಾಟರಿ ಹಂಗೇ ಉಬ್ಬಿ ಟಚ್‌ಪ್ಯಾಡ್ ಮ್ಯಾಲ ಎದ್ದು ಬಂದಾಗ ಗೊತ್ತಾಗ್ತದ. (ಟಚ್‌ಪ್ಯಾಡ್ ಎದ್ದಿದ್ರ, ಮುಚ್ಚಳ ಸರಿ ಕುಂಡ್ರದಿದ್ರ ಆ ಹೊತ್ತಿಂದ್ಲೇ ಚಾರ್ಜಿಗಿ ಹಾಕೋದು ಬಿಟ್ಟು ಬ್ಯಾಟರಿ ತೆಗಸ್ರಿ, ಒತ್ತಿ ಕುಂಡ್ರಸ್ಲಾಕ ಹೋಗಬ್ಯಾಡ್ರಿ, ಬೆಂಕಿ ಹತ್ಕೊಳ್ಳೋ ಸಾಮಾನದು.) ಒಯ್ಯೋ ಅನುಕೂಲಕ್ಕಂತ ರೊಕ್ಕ ಕೊಟ್ಟು, ಒಯ್ಯದೇ ಇಟ್ರ, ಅದೇ ರೊಕ್ಕದಾಗ ಬರೋ ದೊಡ್ಡ ಸ್ಕ್ರೀನು, ಛಲೋ ಕೀಬೋರ್ಡು, ಹೆಚ್ಚಿನ ಸ್ಪೀಡು ಎಲ್ಲಾ ಬಿಟ್ಟಂಗ ಆಯ್ತು.

ಇಲ್ಲಿ ಒಂದು ಮಾತು ಲ್ಯಾಪ್‌ಟಾಪ್ ಪರವಾಗಿ ಹೇಳ್ಲೇಬೇಕು, ಕರೆಂಟು. ಬ್ಯಾಸಗ್ಯಾಗ ಲೋಡು, ಮಳಿಗಾಲ ಸುರು ಆಗೋ ಮುಂದ ಗಾಳಿಗಿ ತಂತಿ, ಜೆಸ್ಕಾಂನವ್ರು ಯಾವಾಗ ತೆಗೀತಾರ ಯಾವಾಗ ಕೊಡ್ತಾರ ಅನ್ನೋದ್ ನಮ್ ಕೈಯಾಗಿಲ್ಲ, ಊರ ಹೊರಗಿನ ಲೇಔಟು, ಹಳ್ಳಿ ಅಂದ್ರಂತೂ ಕೇಳ್ಲೇಬ್ಯಾಡ್ರಿ. ಲ್ಯಾಪ್‌ಟಾಪಿಗಿ ಬ್ಯಾಟರಿ ಒಳಗೇ ಅದ, ಕರೆಂಟ್ ಹೋದ್ರೂ ಪರದಿ ಮಿಟುಕ್ಸಲ್ಲ. ಡೆಸ್ಕ್‌ಟಾಪ್ ತೊಗೊಂಡ್ರ ಯುಪಿಎಸ್ (ಕರೆಂಟ್ ಹೋದ್ರ ತುಸು ಹೊತ್ತು ಮಷೀನು ನಡಸೋ ಬ್ಯಾಟರಿ ಡಬ್ಬಿ) ರೊಕ್ಕಾನೂ ಅದರ ಬೆಲಿಯೊಳಗೇ ಕೂಡಿಸ್ರಿ, ಆಮ್ಯಾಗ ನೋಡಿದ್ರಾಯ್ತು ಅನ್ನೋದ್ ನಡ್ಯಲ್ಲ, ಯಾಕಂದ್ರ ಒಂದು ಸಲ ಟ್ಯಾಲಿ ಡೇಟಾ ಬರಿಯೋ ಹೊತ್ತಿನಾಗ ಕರೆಂಟ್ ಹೋಗಿ ಫೈಲ್ ಕೆಟ್ರ ಆ ಯುಪಿಎಸ್ಸಿನ ಬೆಲಿ ಗೊತ್ತಾಗ್ತದ. ಸಣ್ಣ 600 ವಿಎ ಯುಪಿಎಸ್ ಅಂದ್ರ ಸುಮಾರು 360 ವ್ಯಾಟ್ ತಡಿತದ, ಸಾದಾ ಡೆಸ್ಕ್‌ಟಾಪು ಮಾನಿಟರ್ರು ಎರಡೂ ಕೂಡಿ 100 ವ್ಯಾಟ್ ಆಸುಪಾಸು ಎಳಿತಾವ ಅಂದ್ರ ಹತ್ತು ಹದಿನೈದು ನಿಮಿಷ ಸಿಗ್ತದ. ಅದು ಕೆಲ್ಸ ಮಾಡ್ಲಾಕಲ್ಲ, ಸೇವ್ ಮಾಡಿ ಬಂದ್ ಮಾಡ್ಲಾಕ. ಎರಡ್ಮೂರು ವರ್ಷಕ್ಕ ಒಮ್ಮೆ ಅದರ ಬ್ಯಾಟರಿ ಬದಲಿ ಮಾಡೋದೂ ಅದ. ಪ್ರಿಂಟರ್ ಮಾತ್ರ ಯುಪಿಎಸ್ಸಿಗಿ ಹಚ್ಚಬ್ಯಾಡ್ರಿ, ಅದರಾಗೂ ಲೇಸರ್ ಪ್ರಿಂಟರ್ ಬಿಸಿ ಆಗೋ ಹೊತ್ತಿಗಿ ಒಮ್ಮೆಲೇ ಎಳ್ದು ಯುಪಿಎಸ್ಸನ್ನ ಕೆಡವ್ತದ.

ಮನ್ಯಾಗ ಇನ್ವರ್ಟರ್ ಅದ, ಯುಪಿಎಸ್ ಯಾಕ ಅಂತ ಕೇಳ್ತೀರಿ. ಕೇಳೋದ್ ಖರೆ ಅದ. ಇನ್ವರ್ಟರಿನ ಹಿಂದ ಭಾಳ ಮಾಡೆಲ್‌ನಾಗ ಒಂದು ಸ್ವಿಚ್ ಇರ್ತದ ನೋಡ್ರಿ, ಒಂದು ಕಡಿ ಯುಪಿಎಸ್ ಮೋಡು, ಇನ್ನೊಂದು ಕಡಿ ನಾರ್ಮಲ್ ಇಲ್ಲಾ ಇಕೋ ಮೋಡು. ನಾರ್ಮಲ್‌ನಾಗ ಇದ್ರ ಕರೆಂಟ್ ಹೋಗಿ ಬ್ಯಾಟರಿಗಿ ಬರ್ಲಾಕ ತುಸು ತಡಾ ಆಗ್ತದ, ಫ್ಯಾನು ಲೈಟಿಗಿ ಗೊತ್ತೂ ಆಗಲ್ಲ ಆದ್ರ ಡೆಸ್ಕ್‌ಟಾಪ್ ರೀಸ್ಟಾರ್ಟ್ ಆಗ್ತದ. ಯುಪಿಎಸ್ ಮೋಡಿಗಿ ಹಾಕಿದ್ರ ಬದಲಿ ಲಗೂನ ಆಗ್ತದ, ಭಾಳ ಮಷೀನು ತಡ್ಕೊಂತಾವ. ಆದ್ರ ಅದಕ್ಕೂ ಒಂದು ಕಟಪಿಟಿ ಅದ, ಯುಪಿಎಸ್ ಮೋಡಿನಾಗ ಇನ್ವರ್ಟರು ವೋಲ್ಟೇಜ್ ಸುಮಾರು 180ಕ್ಕಿಂತ ಕೆಳಗ ಬಂತಂದ್ರ ಕರೆಂಟ್ ಹೋಯ್ತು ಅಂತ ತಿಳ್ಕೊಂಡು ಬ್ಯಾಟರಿಗಿ ಬರ್ತದ, ಸಂಜಿಮುಂದ ವೋಲ್ಟೇಜ್ ಇಳಿಯೋ ಊರಾಗ ಕರೆಂಟ್ ಇದ್ರೂ ಬ್ಯಾಟರಿ ಖಾಲಿ ಆಗ್ಕೋತ ಹೋಗ್ತದ. ಅಂಥಲ್ಲಿ ಡೆಸ್ಕ್‌ಟಾಪಿಗಷ್ಟೇ ಬ್ಯಾರೆ ಸಣ್ಣ ಯುಪಿಎಸ್ ಇಟ್ಟು ಇನ್ವರ್ಟರ್ ನಾರ್ಮಲ್‌ನಾಗೇ ಬಿಡೋದು ವಾಸಿ. ಹಳೇ ಸ್ಕ್ವೇರ್ ವೇವ್ ಇನ್ವರ್ಟರ್ ಇದ್ರ ಅದರ ಮ್ಯಾಲ ಡೆಸ್ಕ್‌ಟಾಪ್ ಹಚ್ಚೋದೇ ಬ್ಯಾಡ, ಮನಿ ಕರೆಂಟಿನಂಗೇ ಸಲೀಸು ಕರೆಂಟ್ ಕೊಡೋ ಸೈನ್ ವೇವ್ ಇರ್ಬೇಕು. ಮತ್ತ ಒಂದ್ ಮರಿಬ್ಯಾಡ್ರಿ, ಲ್ಯಾಪ್‌ಟಾಪ್ ಏನೋ ಚಾಲೂ ಇರ್ತದ, ವೈಫೈ ರೂಟರ್ ಬಂದ್ ಆಗ್ತದಲ್ರಿ. ಕ್ಲಾಸ್ ಕೇಳೋರಿಗಿ, ಮನಿಂದ ಕೆಲ್ಸ ಮಾಡೋರಿಗಿ ರೂಟರಿಗಿ ಅಂತ್ಲೇ ಬರೋ ಸಣ್ಣ 12 ವೋಲ್ಟಿನ ಯುಪಿಎಸ್ ಸಿಗ್ತದ, ಎರಡ್ ಸಾವಿರದೊಳಗ ಬರ್ತದ, ಅದು ಕೊಟ್ಟ ರೊಕ್ಕಕ್ಕ ಮೋಸ ಇಲ್ಲ.

ಕರೆಂಟ್ ಮಾತು ಬಂತಂತ ಇದನ್ನೂ ಹೇಳಿಬಿಡ್ತೀನಿ, ಹಳೇ ಮನ್ಯಾಗ ಅರ್ಥಿಂಗ್ ಇರಲ್ಲ. ಸಾಕೆಟ್ಟಿಗಿ ಮೂರನೇ ತೂತು ಇರ್ತದ, ಅದರ ಹಿಂದ ವೈರೇ ಇರಲ್ಲ. ಬರಿಗಾಲಿಂದ ಫರ್ಶಿ ಮ್ಯಾಲ ನಿಂತು ಕ್ಯಾಬಿನೆಟ್ಟಿನ ಹಿಂದಿನ ಬಾಡಿ ಮುಟ್ಟಿದ್ರ ಬೆರಳಿಗಿ ಝುಂ ಅಂತದ. ಲೋಹದ ಬಾಡಿ ಲ್ಯಾಪ್‌ಟಾಪೂ ಚಾರ್ಜಿಗಿ ಹಾಕಿದಾಗ ಅಂಗೈ ಕೆಳಗ ಚಿಟಿಚಿಟಿ ಅಂತದ. ಅದು ಮಷೀನಿನ ದೋಷ ಅಂತ ಅಂಗಡಿಗಿ ಒಯ್ದು ಜಗಳಾ ತೆಗಿಯೋಕಿಂತ ಮೊದ್ಲು ಎಲೆಕ್ಟ್ರಿಷಿಯನ್‌ನ ಕರದು ಅರ್ಥಿಂಗ್ ನೋಡಸ್ರಿ. ಡೆಸ್ಕ್‌ಟಾಪ್ ಇಡೋರಂತೂ ಇದನ್ನ ಮಾಡಿಸ್ಕೊಂಡೇ ಮುಂದ ಹೋಗ್ರಿ.

ಈಗ ಬಿಸಲು. ಲ್ಯಾಪ್‌ಟಾಪಿನ ಸಂಗಡ ಬರೋ ಪುಸ್ತಕದಾಗ ಸಾಧಾರಣ 35 ಡಿಗ್ರಿ ತನಕ ಬಳಸ್ರಿ ಅಂತ ಬರ್ದಿರ್ತದ. ನಮ್ಮಲ್ಲಿ ಏಪ್ರಿಲ್ ಮೇ ಅಂದ್ರ ಹೊರಗ 42, 43, ಒಮ್ಮೊಮ್ಮೆ ಅದನ್ನೂ ದಾಟ್ತದ, ಮಾಳಿಗಿ ಮ್ಯಾಲಿನ ರೂಮು ಅಂದ್ರ ರಾತ್ರಿ ಹತ್ತಾದ್ರೂ ಗ್ವಾಡಿ ಬಿಸಿ ಇರ್ತದ. ಅಷ್ಟು ಬಿಸಿ ಗಾಳಿನೇ ಒಳಗ ಎಳ್ಕೊಂಡು ಮಷೀನು ತನ್ನ ತಾ ತಣ್ಣಗ ಹೆಂಗ ಮಾಡ್ಕೊಬೇಕು? ಮಾಡ್ಕೊಳಲ್ಲ, ಸ್ಪೀಡ್ ಇಳಸ್ತದ. ಥ್ರಾಟ್ಲಿಂಗ್ ಅಂತಾರದಕ್ಕ. ತೆಳ್ಳನ ಲ್ಯಾಪ್‌ಟಾಪಿಗಿ ಇದು ಲಗೂನ ಬರ್ತದ, ಡೆಸ್ಕ್‌ಟಾಪಿಗಿ ಡಬ್ಬಿ ದೊಡ್ಡದು, ಫ್ಯಾನ್ ದೊಡ್ಡದು, ಗಾಳಿ ಆಡ್ಲಾಕ ಜಾಗ ಅದ, ಅದಕ್ಕ ತಾಸುಗಟ್ಟಲೆ ವಿಡಿಯೋ ರೆಂಡರ್ ಹಚ್ಚೋರಿಗಿ ನಾ ಕಣ್ಣು ಮುಚ್ಕೊಂಡು ಡೆಸ್ಕ್‌ಟಾಪೇ ಅನ್ನೋದು. ಲ್ಯಾಪ್‌ಟಾಪ್ ಇದ್ದೋರು ಗಾದಿ ಮ್ಯಾಲ, ಕೌದಿ ಮ್ಯಾಲ ಇಟ್ಟು ಬಳಸೋದು ಬಿಡ್ರಿ, ಕೆಳಗಿನ ಗಾಳಿಕಂಡಿ ಮುಚ್ಚಿಹೋಗ್ತಾವ. ಬಿಸಿಗಿ ಮೊದ್ಲು ಸಾಯೋದು ಬ್ಯಾಟರಿ, ಅದರಾಗೂ 100 ಪರ್ಸೆಂಟ್ ತುಂಬ್ಕೊಂಡು ಬಿಸೀಲೆ ಕುಂತ ಬ್ಯಾಟರಿ. ಲೆನೊವೊ, ಆಸುಸ್, ಎಚ್‌ಪಿ, ಡೆಲ್ ಎಲ್ಲಾದ್ರಾಗೂ ಬಹುತೇಕ 80 ಪರ್ಸೆಂಟಿಗಿ ಚಾರ್ಜ್ ನಿಲ್ಲಸೋ ಸೆಟ್ಟಿಂಗ್ ಇರ್ತದ, ಟೇಬಲ್ ಮ್ಯಾಲೇ ಬಳಸ್ತೀರಂದ್ರ ತಂದ ದಿನಾನೇ ಹಚ್ಚಿಬಿಡ್ರಿ. ಬಿಸಲಾಗ ನಿಂತ ಕಾರಿನಾಗ, ಬೈಕಿನ ಡಿಕ್ಕಿಯಾಗ ಅದನ್ನ ಬಿಟ್ಟು ಮದುವಿ ಊಟಕ್ಕ ಹೋಗಬ್ಯಾಡ್ರಿ.

ಕೂಲರ್ ಬಗ್ಗೆ ಯಾರೂ ಹೇಳಲ್ಲ, ನಾ ಹೇಳ್ತೀನಿ. ನಮ್ ಕಡಿ ಮನಿಮನಿಗೂ ಕೂಲರ್ ಅದ, ಮತ್ತ ಎಲ್ಲಾರೂ ಮಾಡೋದೇನು, ಕಂಪ್ಯೂಟರಿಗೂ ತಂಪು ಆಗ್ಲಿ ಅಂತ ಅದರ ಎದುರಿಗೇ ಟೇಬಲ್ ಇಡ್ತಾರ. ಕೂಲರ್ ಗಾಳಿಯಾಗ ತೇವ ಇರ್ತದ, ನೀರು ಜಾಸ್ತಿ ಬಿಟ್ಟಾಗ ಸಣ್ಣ ಹನಿನೂ ಹಾರ್ತಾವ, ಬೋರಿನ ಉಪ್ಪುನೀರು ಅಂದ್ರ ಕೂಲರಿನ ಹುಲ್ಲಿನ ಮ್ಯಾಲ ಬೆಳ್ಳಗ ಪದರಾ ಕಟ್ಟಿರ್ತದಲ್ಲ, ಆ ನೀರದು. ಒಣ ಧೂಳು ಊದಿದ್ರ ಹೋಗ್ತದ, ತೇವ ಹತ್ತಿದ ಧೂಳು ಅಂಟಿ ಕುಂಡ್ರತದ. ಒಂದೆರಡು ಬ್ಯಾಸಗಿ ಕಂಡ ಲ್ಯಾಪ್‌ಟಾಪ್ ತಳ ಬಿಚ್ಚಿ ಫ್ಯಾನ್ ಎತ್ತಿ ನೋಡ್ರಿ, ಫ್ಯಾನಿಗೂ ತಾಮ್ರದ ಕಡ್ಡಿಗಳಿಗೂ ನಡುವ ಬೂದಿ ಬಣ್ಣದ ಒಂದು ದಪ್ಪ ಪಟ್ಟಿ ಕಟ್ಟಿರ್ತದ, ಚಿಮಟಿಗಿಲೆ ಹಿಡ್ದು ಎಳದ್ರ ಇಡಿಗೇ ಕಿತ್ಕೊಂಡು ಬರ್ತದ. ಗಾಳಿ ಎಲ್ಲಿಂದ ಹೋಗ್ಬೇಕು ಅದರಾಗ. ಕೂಲರನ್ನ ಕಿಟಕಿಗಿ ಇಟ್ಟು, ಎದುರಿನ ಬಾಗಲಾ ತುಸು ತೆರದು, ಮಷೀನನ್ನ ಗಾಳಿ ದಾರಿಯಿಂದ ಪಕ್ಕಕ್ಕ ಸರಿಸ್ರಿ, ರೂಮು ತಂಪಾದ್ರ ಅದೂ ತಂಪಾಗ್ತದ.

ಧೂಳು ತೆಗಿಯೋದ್ರಾಗ ಡೆಸ್ಕ್‌ಟಾಪ್ ಭಾಳ ಸಸ್ತಾ ಮತ್ತ ಸಲೀಸು. ಪ್ಲಗ್ ಕಿತ್ತು, ಪಕ್ಕದ ಎರಡು ಸ್ಕ್ರೂ ತೆಗದು, ಹೊರಗ ಅಂಗಳಕ್ಕ ಒಯ್ದು ಬ್ಲೋವರ್ ಹಿಡದ್ರ ಆಯ್ತು, ಊದೋ ಮುಂದ ಫ್ಯಾನಿನ ರೆಕ್ಕಿ ಬೆರಳಿಲೆ ಹಿಡ್ಕೋರಿ, ಬಿಟ್ರ ಜೋರಾಗಿ ತಿರುಗಿ ಬೇರಿಂಗ್ ಹೋಗ್ತದ. ಯುಗಾದಿಗಿ ಒಮ್ಮೆ ದಸರಾಕ್ಕ ಒಮ್ಮೆ ಮಾಡ್ರಿ, ಖಂಡೇನವಮಿ ಪೂಜಿಗಿ ಹೆಂಗೂ ಒರಸ್ತೀರಲ್ಲ. ಲ್ಯಾಪ್‌ಟಾಪ್ ತಳದಾಗ ಪ್ಲಾಸ್ಟಿಕ್ ಕೊಂಡಿ ಇರ್ತಾವ, ಗೊತ್ತಿಲ್ದೆ ಎಬ್ಬಿಸಿದ್ರ ಮುರಿತಾವ, ಗೊತ್ತಿದ್ದೋರ ಕೈಲೇ ಮಾಡಸ್ರಿ.

ಸ್ಪೆಸಿಫಿಕೇಶನ್ ಬಗ್ಗೆ ಉದ್ದ ಭಾಷಣ ಬ್ಯಾಡ, ಆದ್ರ ಮಂದಿ ಮೋಸ ಹೋಗೋ ಜಾಗ ಎರಡ್ಮೂರು ಅವ. ಐ5 ಅಂದ್ರ ಎಲ್ಲಾ ಒಂದೇ ಅಲ್ಲ. ಲ್ಯಾಪ್‌ಟಾಪಿನ ಐ5 1235ಯು 15 ವ್ಯಾಟಿನ ಲೆಕ್ಕದ್ದು, ಅದೇ ತಲೆಮಾರಿನ ಡೆಸ್ಕ್‌ಟಾಪ್ ಐ5 12400 65 ವ್ಯಾಟಿಂದು, ತಾಸುಗಟ್ಟಲೆ ಒತ್ತಿ ಕೆಲ್ಸ ಕೊಟ್ರ ಎರಡನೇದು ಮುಂದ ಹೋಗ್ತದ. ನಂಬರಿನ ಕೊನಿಗಿ ಯು ಇದ್ರ ಬ್ಯಾಟರಿ ಉಳ್ಸೋದು, ಎಚ್ ಇದ್ರ ಜೋರು ಇರೋದು ಆದ್ರ ಬಿಸಿನೂ ಅಷ್ಟ. ರಾಮ್ 8 ಜಿಬಿ ಇದ್ರ ನಡೀತದ, 16 ಇದ್ರ ನಾಕೈದು ವರ್ಷ ತಂಟಿಲ್ಲ, ಆದ್ರ ಲ್ಯಾಪ್‌ಟಾಪ್ ತೊಗೊಳೋ ಮುಂದ ರಾಮ್ ಬೆಸುಗಿ ಹಾಕಿದ್ದೋ ಸ್ಲಾಟ್ ಅದನೋ ಕೇಳ್ರಿ, ಬೆಸುಗೀದು ಇದ್ರ ಇವತ್ತು ತೊಗೊಂಡಿದ್ದೇ ಕಡೀತನಕ. 2025ರ ಕೊನಿಗಿ ರಾಮ್ ರೇಟು ಸಿಕ್ಕಾಪಟ್ಟಿ ಏರಿದ್ದು ಗೊತ್ತೇ ಅದ, ಅದಕ್ಕ ಆಮ್ಯಾಗ ಹಾಕಿಸ್ತೀನಿ ಅನ್ನೋ ಲೆಕ್ಕಾನೂ ಆ ದಿನದ ರೇಟ್ ಕೇಳೇ ಹಾಕ್ರಿ. ಹಾರ್ಡ್‌ಡಿಸ್ಕ್ ಮ್ಯಾಲ ವಿಂಡೋಸ್ ಇರೋ ಮಷೀನು ಯಾವ ರೇಟಿಗಿ ಕೊಟ್ರೂ ಬ್ಯಾಡ, ಹಾರ್ಡ್‌ಡಿಸ್ಕಿಗಿಂತ ಭಾಳ ಸ್ಪೀಡಿರೋ ಎಸ್‌ಎಸ್‌ಡಿ ಸ್ಟೋರೇಜ್ ಇರ್ಲೇಬೇಕು.

ಸೆಕೆಂಡ್ ಹ್ಯಾಂಡು, ರಿಫರ್ಬಿಶ್ಡ್ (ಹಳೇದನ್ನ ರಿಪೇರಿ ಮಾಡಿ ಮಾರೋದು) ತೊಗೊಳೋರು ಇನ್ನೂ ಹುಷಾರಿರಿ. ವಿಂಡೋಸ್ 10ಕ್ಕ ಮೈಕ್ರೋಸಾಫ್ಟ್ ಸಪೋರ್ಟ್ 2025ರ ಅಕ್ಟೋಬರ್ 14ಕ್ಕ ಮುಗೀತು, ವಿಂಡೋಸ್ 11 ಬೇಕಂದ್ರ ಇಂಟೆಲ್‌ನಾಗ ಹೆಚ್ಚು ಕಡಿಮಿ 8ನೇ ಜನರೇಶನ್ ಮತ್ತ ಅದರ ಮುಂದಿಂದೇ ಆಗ್ಬೇಕು. ಅದಕ್ಕ ಹೈದರಾಬಾದ್ ಕಡಿಂದ ಬರೋ ಹಳೇ ಆಫೀಸ್ ಮಷೀನಿನಾಗ 6ನೇದು 7ನೇದು ಹೇರಳ ಅವ, ಕೆಲವ್ರು ವಳಸಾ ದಾರೀಲೆ 11 ಹಾಕಿ "ಹೊಸಾ ವಿಂಡೋಸ್ ಅದರಿ" ಅಂತ ಮಾರ್ತಾರ. ಐ5 ಮುಂದಿನ ನಂಬರ್ ನೋಡ್ರಿ, 6500 ಅಂದ್ರ 6ನೇದು, 8500 ಅಂದ್ರ 8ನೇದು, 10400 ಅಂದ್ರ 10ನೇದು. ಹಳೇ ಲ್ಯಾಪ್‌ಟಾಪ್ ಅಂದ್ರ ವಿಂಡೋಸ್‌ನಾಗ ಬ್ಯಾಟರಿ ರಿಪೋರ್ಟ್ ತೆಗಸ್ರಿ, ಡಿಸೈನ್ ಕೆಪ್ಯಾಸಿಟಿ ಎಷ್ಟಿತ್ತು ಈಗ ಫುಲ್ ಚಾರ್ಜ್ ಎಷ್ಟಾಗ್ತದ ಎರಡೂ ಅದರಾಗ ಇರ್ತದ, ಅರ್ಧಕ್ಕ ಬಂದಿದ್ರ ಹೊಸಾ ಬ್ಯಾಟರಿ ರೊಕ್ಕ ಕಡಿಮಿ ಮಾಡಿ ಕೇಳ್ರಿ. ಹಳೇ ಲ್ಯಾಪ್‌ಟಾಪಿಗಿಂತ ಹಳೇ ಡೆಸ್ಕ್‌ಟಾಪ್ ನಂಬ್ಕಿ ನನಗ, ಅದರಾಗ ಸೊರಗ್ಲಾಕ ಬ್ಯಾಟರಿ ಇಲ್ಲ, ಸಡಲಾಗ್ಲಾಕ ಹಿಂಜಸ್ ಇಲ್ಲ.

ಇವೆರಡರ ನಡುವ ಒಂದು ದಾರಿ ಅದ, ನಮ್ ಮಂದಿಗಿ ಇನ್ನೂ ಅಷ್ಟು ಗೊತ್ತಿಲ್ಲ, ಮಿನಿ ಪಿಸಿ. ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೋ, ಲೆನೊವೊ ಥಿಂಕ್‌ಸೆಂಟರ್ ಟೈನಿ, ಎಚ್‌ಪಿ ಮಿನಿ ಅಂತ ಬರ್ತಾವ, ಊಟದ ಡಬ್ಬಿಗಿಂತ ಸಣ್ಣ, ಮಾನಿಟರ್ ಹಿಂದ ಸ್ಕ್ರೂ ಹೊಡ್ದು ಕುಂಡ್ರಸ್ಬಹುದು. ಲ್ಯಾಪ್‌ಟಾಪಿನಂಥದೇ ಚಾರ್ಜರಿನ ಮ್ಯಾಲ ನಡಿತಾವ, ಸಾದಾ ಕೆಲ್ಸಕ್ಕ ಕರೆಂಟ್ ಭಾಳ ಕಡಿಮಿ ತಿಂತಾವ, ಅದಕ್ಕ ಅದೇ 600 ವಿಎ ಯುಪಿಎಸ್ ಮ್ಯಾಲ ದೊಡ್ಡ ಡೆಸ್ಕ್‌ಟಾಪಿಗಿಂತ ಎಷ್ಟೋ ಹೆಚ್ಚಿಗಿ ಹೊತ್ತು ನಿಲ್ತಾವ. ಟ್ಯಾಲಿ, ನುಡಿ, ಬ್ರೌಸರು, ಆನ್‌ಲೈನ್ ಅರ್ಜಿ, ಮಕ್ಕಳ ಪಾಠ, ಇಷ್ಟಕ್ಕ 8ನೇ ಜನರೇಶನ್ನಿನ ರಿಫರ್ಬಿಶ್ಡ್ ಮಿನಿ ಪಿಸಿ, 22 ಇಂಚ್ ಮಾನಿಟರ್, ಕೀಬೋರ್ಡ್ ಮೌಸು, ಯುಪಿಎಸ್ ಎಲ್ಲಾ ಕೂಡಿ ಸಾದಾ ಹೊಸಾ ಲ್ಯಾಪ್‌ಟಾಪಿಗಿಂತ ಸಾಕಷ್ಟು ಕಡಿಮಿ ರೊಕ್ಕದಾಗ ಮುಗಿತದ. ಗೇಮು, ದೊಡ್ಡ ವಿಡಿಯೋ ಎಡಿಟಿಂಗಿಗಿ ಮಾತ್ರ ಆಗಲ್ಲ, ಗ್ರಾಫಿಕ್ಸ್ ಕಾರ್ಡಿಗಿ ಜಾಗ ಇಲ್ಲ ಅದರಾಗ. ಲ್ಯಾಪ್‌ಟಾಪ್ ಈಗಾಗ್ಲೇ ಇದ್ದೋರು ಹೊಸಾದೇನೂ ತೊಗೊಬ್ಯಾಡ್ರಿ, ಒಂದು ಮಾನಿಟರ್ರು ಒಂದು ಕೀಬೋರ್ಡ್ ತಂದು ಅದಕ್ಕೇ ಹಚ್ಚ್ರಿ, ಕುತ್ತಿಗಿ ನೋವರೆ ಕಡಿಮಿ ಆಗ್ತದ.

ಕೀಬೋರ್ಡ್ ಅಂದ ಕೂಡ್ಲೇ ನೆನಪಾಯ್ತು, ದಿನವಿಡೀ ಕನ್ನಡ ಟೈಪ್ ಮಾಡೋರು, ಮಾರ್ಕ್ಸ್ ಕಾರ್ಡ್, ಲೆಕ್ಕದ ಅಂಕಿ ಹೊಡಿಯೋರು ಬಲಗಡಿ ನಂಬರ್ ಪ್ಯಾಡ್ ಇಲ್ದ ಲ್ಯಾಪ್‌ಟಾಪಿನಾಗ ಒಂದ್ ವಾರ ಕೆಲ್ಸ ಮಾಡಿ ನೋಡ್ರಿ, ಬೈಕೋತ ಹೊರಗಿನ ಕೀಬೋರ್ಡ್ ತರ್ತೀರಿ.

ಕರೆಂಟ್ ಬಿಲ್ಲಿನ ಅಂಜಿಕಿ ಬ್ಯಾಡ. ಡೆಸ್ಕ್‌ಟಾಪ್ ಮಾನಿಟರ್ ಕೂಡಿ 120 ವ್ಯಾಟ್ ಅಂತ ಹಿಡ್ಕೊಂಡು ದಿನಾ 8 ತಾಸು ಹಚ್ಚಿದ್ರ ಹತ್ತತ್ರ 1 ಯೂನಿಟ್, ಲ್ಯಾಪ್‌ಟಾಪ್ 40 ವ್ಯಾಟ್ ಅಂದ್ರ ಅದರ ಮೂರನೇ ಒಂದು ಪಾಲು. ತಿಂಗಳಿಗಿ 20 ಯೂನಿಟ್ ಫರಕು. ಗೃಹಜ್ಯೋತಿ ಲಿಮಿಟ್ಟಿನ ಅಂಚಿಗೇ ನಿಂತ ಮನಿ ಇದ್ರ ಅಷ್ಟು ಲೆಕ್ಕ ಹಾಕ್ರಿ, ಇಲ್ದಿದ್ರ ಬಿಲ್ ಏರಸೋದು ಎಸಿ, ಗೀಜರು, ಫ್ರಿಜ್ಜು, ಇದಲ್ಲ.

ರಿಪೇರಿ ವಿಷಯ ತೊಗೊಳೋಕಿಂತ ಮೊದ್ಲೇ ಕೇಳೋದು. ಡೆಸ್ಕ್‌ಟಾಪಿನಾಗ ಕೆಟ್ಟ ಪಾರ್ಟ್ ಅಷ್ಟೇ ಬದಲಿ, ಪವರ್ ಸಪ್ಲೈ ಹೋದ್ರ ಅದೊಂದು, ಇಲ್ಲೇ ಸೂಪರ್ ಮಾರ್ಕೆಟ್ ಕಡಿ ಹೋಗಿ ಬಂದ್ರ ಸಂಜೀಗಿ ಚಾಲು, ಇಲ್ಲಿ ಸಿಗ್ಲಿಲ್ಲಂದ್ರ ಸೋಲಾಪುರ ಇಲ್ಲಾ ಹೈದರಾಬಾದಿಂದ ತರಸ್ತಾರ. ಲ್ಯಾಪ್‌ಟಾಪಿನ ಮದರ್‌ಬೋರ್ಡ್ ಹೋತಂದ್ರ ವಾರಂಟಿ ಹೊರಗ ಅದು ಅರ್ಧ ಮಷೀನಿನ ರೊಕ್ಕ. ಅದಕ್ಕ ವಾರಂಟಿ ಆನ್‌ಸೈಟೋ ಕ್ಯಾರಿ ಇನ್ನೋ ಕೇಳ್ರಿ. ಆನ್‌ಸೈಟ್ ಅಂದ್ರ ಅವ್ರೇ ಮನಿಗಿ ಬರ್ಬೇಕು, ಕ್ಯಾರಿ ಇನ್ ಅಂದ್ರ ನೀವೇ ಹೊತ್ಕೊಂಡು ಹೋಗ್ಬೇಕು, ಮತ್ತ ಆ ಸೆಂಟರ್ ಊರಾಗೇ ಅದನೋ ಹೈದರಾಬಾದಿನಾಗ ಅದನೋ ಅನ್ನೋದು ಕಂಪನಿ ವೆಬ್‌ಸೈಟಿನಾಗ ನಿಮ್ ಪಿನ್‌ಕೋಡ್ ಹಾಕಿ ನೋಡ್ರಿ. 585101 ಹಾಕಿದ್ರ ಒಂದು ತೋರಸ್ತದ, ಬೀದರಿನ 585401 ಹಾಕಿದ್ರ ಬ್ಯಾರೇನೇ ತೋರಿಸ್ಬಹುದು, ಸುರಪುರ ಚಿಂಚೋಳಿ ಕಡಿ ಹಳ್ಳಿ ಪಿನ್ ಹಾಕಿದ್ರ ಆನ್‌ಸೈಟ್ ಇಲ್ಲಂತ್ಲೂ ಬರ್ಬಹುದು. ಹುಡುಗ್ರ ಲ್ಯಾಪ್‌ಟಾಪಿಗಿ ಬಿದ್ರ ಒಡದ್ರ ಸೇರಿಸೋ ಆಕ್ಸಿಡೆಂಟಲ್ ಡ್ಯಾಮೇಜ್ ಪ್ಲಾನ್ ಇದ್ರ ಹಾಕಸ್ರಿ, ಬಸ್ಸಿನಾಗ ಬ್ಯಾಗಿನ ಮ್ಯಾಲ ಯಾರ್ ಕುಂಡ್ರತಾರ ಯಾರಿಗಿ ಗೊತ್ತು.

ಅಸೆಂಬಲ್ ಡೆಸ್ಕ್‌ಟಾಪ್ ಮಾಡ್ಸೋರಿಗಿ ಒಂದೇ ಮಾತು, ಪವರ್ ಸಪ್ಲೈದಾಗ ರೊಕ್ಕ ಉಳ್ಸಬ್ಯಾಡ್ರಿ. ಕ್ಯಾಬಿನೆಟ್ ಸಂಗಡ ಫುಕಟ್ ಅಂತ ಬರೋ ಎಸ್‌ಎಂಪಿಎಸ್ (ಪವರ್ ಸಪ್ಲೈಗೇ ಹಂಗಂತಾರ) ನಮ್ ವೋಲ್ಟೇಜ್ ಏರಿಳಿತಕ್ಕ ತಡ್ಯಲ್ಲ, ಅದು ಹೋಗೋ ಮುಂದ ತಾ ಒಬ್ಬನೇ ಹೋಗಲ್ಲ, ಬೋರ್ಡನ್ನೂ ಕರ್ಕೊಂಡ್ ಹೋಗ್ತದ.

ಅಂಗಡಿಯಾಗ ರೊಕ್ಕ ಕೊಡೋ ಮುಂದ ಜಿಎಸ್‌ಟಿ ಬಿಲ್ ತೊಗೋರಿ, ಮತ್ತ ಬಿಲ್ಲಿನ ಮ್ಯಾಲ ಸೀರಿಯಲ್ ನಂಬರ್ ಬರಸ್ರಿ, ಅಸೆಂಬಲ್ ಇದ್ರ ಪ್ರೊಸೆಸರು, ಬೋರ್ಡು, ರಾಮು, ಎಸ್‌ಎಸ್‌ಡಿ, ಎಸ್‌ಎಂಪಿಎಸ್ ಒಂದೊಂದ್ರದೂ ಬ್ಯಾರೆಬ್ಯಾರೆ, ಯಾಕಂದ್ರ ಒಂದೊಂದ್ರ ವಾರಂಟಿ ಒಂದೊಂದು ಕಂಪನೀದು. ಬಿಲ್ ಇಲ್ದೆ ಎರಡ್ ಸಾವಿರ ಕಡಿಮಿ ಮಾಡ್ತೀನಿ ಅಂದ್ರ ಬ್ಯಾಡ ಅನ್ರಿ. ಡಬ್ಬಿ ಎದುರಿಗೇ ಒಡಸಿ, ಅಲ್ಲೇ ಚಾಲೂ ಮಾಡಿಸಿ, ಡಬ್ಬಿ ಮ್ಯಾಲಿನ ನಂಬರು ಮಷೀನಿನ ಮ್ಯಾಲಿನ ನಂಬರು ಒಂದೇ ಅದನೋ ನೋಡಿ, ಕಂಪನಿ ವೆಬ್‌ಸೈಟಿನಾಗ ಅದೇ ನಂಬರ್ ಹಾಕಿ ವಾರಂಟಿ ಇವತ್ತಿಂದೇ ಸುರು ಆಗ್ತದೋ ಹೋದ ವರ್ಷಾನೇ ಸುರು ಆಗಿ ಮುಗಿಲಾಕ ಬಂದದೋ ನೋಡ್ಕೊಂಡು ಆಮ್ಯಾಗ ಫೋನ್‌ಪೇ ತೆಗೀರಿ.